ಘಾಟು ನೀರಿನಲ್ಲಿ ಬೆಳೆಯದ ಬೂಷ್ಟು

ಪ್ರಯೋಗಾಲಯದ ಮುಖ್ಯಾಧಿಕಾರಿಗಳೇ,

ಸತ್ತದ್ದು ಬೆಳೆಯುವುದಿಲ್ಲವೆಂದು ಕಂಡುಹಿಡಿದ ತಮ್ಮ ಇಲಾಖೆಗೆ ಮೊದಲು ಅಭಿನಂದನೆಗಳು. ಆ ಮಹಾಶೋಧನೆಯ ಫಲವಾಗಿ ನನ್ನ ಅಕ್ಕ ಸಾಕಮ್ಮನ ಎಡಗಣ್ಣು ಈಗ ಹೋಗುವುದರಲ್ಲಿದೆ. ಪತ್ರ ಕನ್ನಡದಲ್ಲಿದೆ, ಅಕ್ಕನ ಮಗಳು ರಚನಾ ತಮಿಳಿಗೆ ತಿರುಗಿಸಿ ನಿಮ್ಮ ಮೇಜಿಗೆ ಮುಟ್ಟಿಸುತ್ತಾಳೆ. ಬೈಗುಳ ಬಂದರೆ ಬಿಟ್ಟುಬಿಡುತ್ತೇನೆ ಎಂದಿದ್ದಾಳೆ. ಹಾಗಾಗಿ ಬೈಗುಳವಿಲ್ಲದೆಯೇ ಬೈಯುತ್ತಿದ್ದೇನೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ. ಮುಂದೆ ಕಲಿಸಲು ಮೇಷ್ಟರ ಬಳಿ ಏನೂ ಉಳಿದಿರಲಿಲ್ಲ. ಅಕ್ಕ ಸಕ್ಕರೆ ಕಾಯಿಲೆಯವಳು, ಚೆನ್ನೈಯ ಅಂಬತ್ತೂರಿನಲ್ಲಿ ಮಗಳ ಜೊತೆ ಇದ್ದಾಳೆ. ಮೂಗಿನ ಪಕ್ಕ ಊತ, ಕೆನ್ನೆ ಮರಗಟ್ಟುವುದು ಶುರುವಾಗಿ ಆಸ್ಪತ್ರೆಗೆ ತಂದೆವು. ಮೂಗಿನೊಳಗೆ ಶಿಲೀಂಧ್ರ, ಅಂದರೆ ನಮ್ಮ ಭಾಷೆಯ ಬೂಷ್ಟು, ಹತ್ತಿರಬಹುದೆಂದು ಡಾಕ್ಟರು ಅಂದೇ ಔಷಧದ ಡ್ರಿಪ್ ಹಾಕಿಸಿ, ಒಳಗಿನಿಂದ ಒಂದು ಚೂರು ಮಾಂಸ ತೆಗೆದರು. ಅದರಲ್ಲಿ ಬೂಷ್ಟು ಬೆಳೆಯುತ್ತದೆಯೇ ಎಂದು ನೋಡಲು ಲ್ಯಾಬಿಗೆ ಒಯ್ಯುವವರು ಯಾರು? ನಿಮ್ಮಲ್ಲಿನ ಪದ್ಧತಿಯಂತೆ ರೋಗಿಯ ಕಡೆಯವರೇ. ಬಾಗಿಲಲ್ಲಿ ನರ್ಸಮ್ಮ ಬಾಟಲಿ ಕೈಗಿಟ್ಟು, “ಪೆರಿಯವರೇ, ಸೀಕ್ರಂ! ಸೀದಾ ಲ್ಯಾಬ್!” ಎಂದರು. ಹಿರಿಯರೇ, ಬೇಗ ಎಂದರ್ಥವಂತೆ. ಬಾಟಲಿಯೊಳಗಿನ ನೀರಿನ ಘಾಟಿಗೆ ಕಣ್ಣು ಉರಿಯಿತು. ಆದರೂ ಹನಿ ಚೆಲ್ಲದೆ ಒಯ್ದೆ. ನನಗಿಂತ ಚೆನ್ನಾಗಿ ಬಾಟಲಿ ಹೊರುವವನು ಈ ಚೆನ್ನೈಯಲ್ಲಿ ಹುಟ್ಟಿಲ್ಲ.

ಕೆಲವು ದಿನ ಬಿಟ್ಟು ನಿಮ್ಮ ವರದಿ ಬಂತು: ಶಿಲೀಂಧ್ರ ಬೆಳೆದಿಲ್ಲ. ನಾನು ವಾರ್ಡಿಗೆಲ್ಲ ಮೈಸೂರುಪಾಕು ಹಂಚಿದೆ. ಆ ಔಷಧ ಮೂತ್ರಪಿಂಡವನ್ನು ಹಿಂಡುವಂಥದ್ದಂತೆ. ವರದಿ ನಂಬಿ ಅದನ್ನು ನಿಲ್ಲಿಸಿದರು. ಆಮೇಲೆ ಅಕ್ಕನ ಅಂಗುಳಿನಲ್ಲಿ ಒಂದು ಕಪ್ಪು ಕಲೆ ಕಾಣಿಸಿತು. ಮೊದಲು ಸಾಸಿವೆಯಷ್ಟು, ಮರುದಿನ ಹುಣಸೆ ಬೀಜದಷ್ಟು. ಆಮೇಲೆ ಎಡಗಣ್ಣಿನ ರೆಪ್ಪೆ ಇಳಿಬಿತ್ತು. “ತಮ್ಮಯ್ಯ, ಈ ಅರ್ಧ ಮುಖ ನಂದಲ್ಲ ಅನ್ನಂಗೈತೆ ಕಣ್ಲಾ,” ಎಂದಳು.

ರಚನಾಳನ್ನು ಕರೆದುಕೊಂಡು ನಿಮ್ಮ ಕೌಂಟರಿಗೆ ಬಂದೆ. ಅಲ್ಲಿದ್ದ ಹೆಣ್ಣುಮಗಳು ಕಂಪ್ಯೂಟರು ನೋಡಿ ತಣ್ಣಗೆ ಹೇಳಿದಳು, ರಚನಾ ಕನ್ನಡಕ್ಕೆ ತಿರುಗಿಸಿದಳು: “ಮಾವ, ಚೂರು ಆ ಘಾಟು ನೀರಲ್ಲಿ, ಅಂದ್ರೆ ಫಾರ್ಮಲಿನ್‌ನಲ್ಲಿ ಬಂದಿತ್ತಂತೆ. ಅದ್ರಲ್ಲಿ ಹಾಕಿದ್ರೆ ಬೂಷ್ಟು ಸತ್ತೋಗುತ್ತಂತೆ. ಬೆಳೆಸೋಕೆ ಕಳಿಸೋದಾದ್ರೆ ಉಪ್ಪುನೀರಲ್ಲಿ, ಅಂದ್ರೆ ಸಲೈನ್‌ನಲ್ಲಿ ಕಳಿಸಬೇಕಂತೆ.”

“ಗೊತ್ತಿದ್ದೂ ಯಾಕೆ ತಗೊಂಡ್ರು ಅಂತ ಕೇಳು.”

ಕೇಳಿದಳು. ಬಂದ ಬಾಟಲಿಯನ್ನು ವಾಪಸು ಕಳಿಸುವ ವಳಕ್ಕಂ ಇಲ್ಲಿಲ್ಲವಂತೆ.

ವಾಹ್! ವಳಕ್ಕಂ, ಅಂದರೆ ವಾಡಿಕೆ! ಹುರಿದ ಬೀಜ ಬಿತ್ತಿ ಮೊಳಕೆ ಬರಲಿಲ್ಲವೆಂದು ಬರೆದರೆ ಸುಳ್ಳೇನಲ್ಲ, ಸ್ವಾಮಿ. ಆದರೆ ಬೀಜ ಹುರಿದದ್ದೆಂದು ಒಂದು ಸಾಲು ಸೇರಿಸಿದ್ದರೆ ನಿಮ್ಮ ಶಾಯಿ ಬತ್ತಿಹೋಗುತ್ತಿತ್ತೇ? ಡಾಕ್ಟರಿಗೆ ಒಂದು ಫೋನು ಮಾಡಿದ್ದರೆ ನಿಮ್ಮ ಪದವಿ ಸವೆದುಹೋಗುತ್ತಿತ್ತೇ? ಬೂಷ್ಟಿಗೆ ನಿಮ್ಮ ವಾಡಿಕೆ ತಿಳಿಯದು. ಅದು ಟೋಕನ್ ಹಿಡಿದು ಕಾಯುವುದಿಲ್ಲ, ಭಾನುವಾರ ರಜೆ ಹಾಕುವುದಿಲ್ಲ. ಔಷಧ ಮತ್ತೆ ಹತ್ತಿಸಿದ್ದಾರೆ. ಆದರೆ ಕಣ್ಣಿನ ಹಿಂದೆ ಮಿದುಳಿದೆ ಎಂದು ಡಾಕ್ಟರು ಹೇಳಿದ್ದಾರೆ.

ಇವತ್ತು ಬೆಳಿಗ್ಗೆ ಎರಡನೆಯ ಚೂರು ತೆಗೆದಿದ್ದಾರೆ. ಈ ಸಲ ಬಾಟಲಿಯ ಮುಚ್ಚಳ ತೆಗೆಸಿ ಮೂಸಿ, ಘಾಟಿಲ್ಲವೆಂದು ತಿಳಿದೇ ಹೊತ್ತು ತಂದೆ. ಅದನ್ನು ಇವತ್ತೇ ಸೂಕ್ಷ್ಮದರ್ಶಕದಡಿ ನೋಡಿ, ಕಂಡದ್ದನ್ನು ಇವತ್ತೇ ಡಾಕ್ಟರಿಗೆ ಫೋನಿನಲ್ಲಿ ತಿಳಿಸಿ. ಬೆಳೆಸಲೆಂದು ಬಂದದ್ದು ಫಾರ್ಮಲಿನ್‌ನಲ್ಲಿದ್ದರೆ ಕೌಂಟರಿನಲ್ಲೇ ತಡೆಯಿರಿ.

ಇನ್ನೊಂದು ಮಾತು. ಮೊದಲ ಸಲ ನಾನು ಸಾಲಿನಲ್ಲಿದ್ದಾಗ ಹಿಂದೆಯೂ ಕೆಲವರು ಬಾಟಲಿ ಹಿಡಿದು, ನನ್ನ ಹಾಗೆಯೇ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದರು. ಅವರಿಗೂ ಬೆಳೆದಿಲ್ಲವೆಂಬ ವರದಿ ಹೋಗಿರಬೇಕು. ಅವರು ಯಾರೆಂದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಅವರನ್ನು ಹುಡುಕಿಸಿ, ಇವತ್ತೇ. ಪಾಪ, ಅವರೂ ಸಿಹಿ ಹಂಚುತ್ತಿರಬಹುದು.

ಇಂತಿ,
ಹನಿ ಚೆಲ್ಲದೆ ಬಾಟಲಿ ತಲುಪಿಸಿದ
ತಮ್ಮಯ್ಯ
(ನಿಮ್ಮ ಕೌಂಟರಿನ ಎದುರಿನ ಬೆಂಚಿನಿಂದ)