ಚಿತ್ರಕ್ಕೆ ಚಪ್ಪಾಳೆ, ನನಗೆ ನೋಟಿಸು

ಮಾನ್ಯ ಪ್ರಾಂಶುಪಾಲರೇ,

ಸೋಮವಾರದ ಪರೀಕ್ಷೆಗೆ ನನ್ನನ್ನು ಕೂರಿಸುವುದಿಲ್ಲವೆಂದು ನೀವು ಸಹಿ ಮಾಡಿದ ನೋಟಿಸು ತಲುಪಿತು. ಕಾರಣ, ಹಾಜರಿ ಕೊರತೆ. ಬೆಳಗಿನ ಮೊದಲ ತರಗತಿಯನ್ನು ವಾರಕ್ಕೆ ಮೂರು ದಿನ ತಪ್ಪಿಸಿದ್ದು ನಿಜ, ಒಪ್ಪುತ್ತೇನೆ. ಒಪ್ಪಲಾಗದಿರುವುದು ನಿಮ್ಮ ಕಣ್ಣೀರನ್ನು.

ಹೋದ ತಿಂಗಳು ಕಾಲೇಜಿನ ಸಭಾಂಗಣದಲ್ಲಿ ಒಂದು ಪುಟ್ಟ ಚಲನಚಿತ್ರ ತೋರಿಸಿದಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರವಲು ಕ್ಯಾಮೆರಾದಲ್ಲಿ ತೆಗೆದದ್ದು. ಚಿತ್ರಮಂದಿರದಲ್ಲಿ ಅದು ಓಡಿದ್ದು ಎರಡೇ ದಿನ. ಎರಡನೆಯ ದಿನ ನನ್ನ ಚಿಕ್ಕಮ್ಮನನ್ನೂ ಟಿಕೆಟ್ ಹರಿಯುವವರನ್ನೂ ಸೇರಿಸಿ ನೋಡಿದವರು ಏಳು ಜನ. ಲಾಂಡ್ರಿಯಲ್ಲಿ ದುಡಿಯುತ್ತ ಓದುವ ಹುಡುಗಿಯ ಕಥೆ. ಪಾತ್ರ ಮಾಡಿದವಳು ನಾನು, ಕಥೆಯೂ ನನ್ನದೇ. ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತ, ಗೋಡೆಗೆ ಅಂಟಿಸಿದ ಪಾಠವನ್ನು ಹಬೆಗೆ ಶಾಯಿ ಕದಡುವ ಮೊದಲೇ ಬಾಯಿಪಾಠ ಮಾಡುವ ದೃಶ್ಯಕ್ಕೆ ನೀವು ಕನ್ನಡಕ ತೆಗೆದು ಒರೆಸಿಕೊಂಡಿರಿ. ವೇದಿಕೆಯೇರಿ, "ಇಂಥ ಮಕ್ಕಳೇ ನಮ್ಮ ಹೆಮ್ಮೆ" ಎಂದಿರಿ. ಇಪ್ಪತ್ತೇ ದಿನಕ್ಕೆ ಆ ಹೆಮ್ಮೆ ಸವೆದುಹೋಯಿತೆ?

ನಿಮ್ಮ ಕೊಠಡಿಗೆ ಬಂದು ಕೇಳಿದೆ. "ಸಿನಿಮಾ ಬೇರೆ, ನಿಯಮ ಬೇರೆ ಕಣಮ್ಮ. ಆ ಕೆಲಸ ಬಿಡೋಕೆ ಏನು ಕಷ್ಟ?" ಎಂದಿರಿ. ಏನು ಕಷ್ಟವೆಂದು ಒಂದೂವರೆ ಗಂಟೆ ಪರದೆಯ ಮೇಲೆ ತೋರಿಸಿದೆವಲ್ಲ ಸ್ವಾಮಿ, ಕನ್ನಡಕ ಒರೆಸುವ ಭರದಲ್ಲಿ ಕಾಣಲಿಲ್ಲವೆ?

ಲಾಂಡ್ರಿ ಯಜಮಾನರಿಗೆ ನೋಟಿಸು ತೋರಿಸಿದೆ. ಸಿಡುಕು ಮೂತಿಯ ಮನುಷ್ಯ. ಓದಿದ್ದು ನಾಲ್ಕನೆಯ ತರಗತಿ. "ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?" ಎಂದು ಗದರಿ, ನಿಂತ ಕಾಲಲ್ಲೇ ನನ್ನ ಬೆಳಗಿನ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಿಸಿದರು. ಮರುದಿನ ಗರಿಗರಿ ಅಂಗಿ ತೊಟ್ಟು, ನನ್ನ ಪರವಾಗಿ ನಾಲ್ಕು ಮಾತು ಹೇಳಲು ಕಾಲೇಜಿಗೆ ಬಂದರು. ಎರಡು ಗಂಟೆ ನಿಮ್ಮ ಬೆಂಚಿನ ಮೇಲೆ ಕಾದರು. ಕೊನೆಗೆ ಜವಾನ, "ಸಾಹೇಬ್ರು ಮೀಟಿಂಗಲ್ಲಿದಾರೆ, ಇವತ್ತಾಗಲ್ಲ" ಎಂದ. ಅವರ ಜೊತೆ ನಾನೂ ಹಿಂದಿರುಗಿದೆ. ಅಂಗಡಿ ಹತ್ತಿರ ಬಂದಾಗ, "ನಾನು ಬರಬಾರದಿತ್ತೇನೋ ಮಗಾ. ನಿನ್ನ ಮರ್ಯಾದೆ ಕಳೆದೆ" ಎಂದರು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಕರುಣೆ ಬೇಡ. ಹಾಜರಿಯಲ್ಲಿ ರಿಯಾಯಿತಿ ಕೊಡುವ ಅಧಿಕಾರ ನಿಮಗಿದೆಯೆಂದು ನಿಮ್ಮದೇ ಕೈಪಿಡಿ ಹೇಳುತ್ತದೆ. ಆಟದ ತಂಡದವರಿಗೆ ವರ್ಷಾವರ್ಷ ಕೊಡುತ್ತಲೂ ಇದ್ದೀರಿ. ದುಡಿಯುವವರಿಗೂ ಕೊಡಿ. ಸೋಮವಾರ ಒಂಬತ್ತೂವರೆಗೆ ಪರೀಕ್ಷಾ ಕೊಠಡಿಯ ಮುಂದಿರುತ್ತೇನೆ. ಆಗುವುದಿಲ್ಲ ಎನ್ನುವುದಾದರೆ ನೀವೇ ಬಂದು, ನನ್ನ ಮುಖ ನೋಡಿ ಹೇಳಿ. ಬೇರೆಯವರ ಕೈಲಿ ಹೇಳಿಸಬೇಡಿ.

ಇಂತಿ,
ಸದ್ಯಕ್ಕಿನ್ನೂ ತಮ್ಮ ವಿದ್ಯಾರ್ಥಿನಿ