ಹಳಿಗೆ ಹಚ್ಚಿದ ಎಣ್ಣೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಗಟ್ಟಿಮುಟ್ಟಾಗಿದ್ದಾಳೆ, ಗಾಬರಿಯಾಗಬೇಡ. ಫೋನ್ ಮಾಡದೆ ಕಾಗದ ಬರೆದಿದ್ದಾಳೆ ಎಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ ಎಂದು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀಯ. ಅದು ನಿಜವೇ. ಫೋನಿನಲ್ಲಿ ಹೇಳಬೇಕೆಂದರೆ ನಿನ್ನ ಕಿವಿಗೆ ಬೀಳುವಷ್ಟು ಜೋರಾಗಿ ಕೂಗಬೇಕು. ಈ ಮನೆಯಲ್ಲಿ ಅಷ್ಟು ಜೋರಾಗಿ ಕೂಗಿದರೆ ಯಾರಿಗೆ ಕೇಳಿಸಬಾರದೋ ಅವರಿಗೇ ಮೊದಲು ಕೇಳಿಸುತ್ತದೆ. ಇವರು ಹಿಂದಿನ ಕೋಣೆಯಲ್ಲಿ ಕೂತಿದ್ದಾರೆ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಲಗೆಯ ಮೇಲೆ ಕಾಗದ ಇಟ್ಟುಕೊಂಡಿದ್ದೇನೆ. ಹೊಲಿಯುತ್ತಿದ್ದೇನೆ ಎಂದು ಅವರು ತಿಳಿಯಲಿ ಎಂದು ಆಗಾಗ ಮೆಷಿನ್ನಿನ ಗಾಲಿಯನ್ನು ಸುಮ್ಮನೆ ತಿರುಗಿಸುತ್ತೇನೆ.

ಹಿಂದಿನ ಕೋಣೆ ಎಂದರೆ ನಿನಗೆ ಗೊತ್ತಲ್ಲ, ನನ್ನ ಸವತಿಯ ಕೋಣೆ. ನೀನು ಬಂದಾಗ ಬಗ್ಗಿ ಒಳಗೆ ನುಸುಳಲು ಹೋಗಿ ತಲೆ ಬಡಿಸಿಕೊಂಡು, "ಬೇರೆ ಗಂಡಸರಿಗೆ ಕುಡಿತ, ಇಸ್ಪೀಟು. ನಿನ್ನ ಗಂಡಂಗೆ ಆಟದ ರೈಲು. ಪುಣ್ಯ ಮಾಡಿದ್ದೀಯ ಬಿಡೇ" ಎಂದಿದ್ದೆ. ಇವರ ಎದುರಿಗೆ ಆಟದ ರೈಲು ಎಂದರೆ ಆಗುವುದಿಲ್ಲ, ಮಾದರಿ ರೈಲು ಎನ್ನಬೇಕು. ನಾಲ್ಕೂ ಗೋಡೆಗೆ ಒತ್ತಿ, ಬಾಗಿಲಿಗೂ ಅಡ್ಡವಾಗಿ, ಎದೆಯ ಎತ್ತರಕ್ಕೆ ಹಲಗೆ, ಅದರ ಮೇಲೆ ಬೆರಳಗಲದ ಹಳಿ, ಎರಡು ಸ್ಟೇಷನ್ನು, ಒಂದು ಏರು, ಏರಿನ ತುದಿಗೆ ಬೆಟ್ಟ, ಬೆಟ್ಟದ ಹೊಟ್ಟೆಯಲ್ಲಿ ಸುರಂಗ. ಬದುಕಿಡೀ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೂತವರಲ್ಲವೇ? ಬೆಟ್ಟ ಎದ್ದಿದ್ದು ಹಲ್ಲಿನ ಅಚ್ಚಿನ ಪ್ಲಾಸ್ಟರಿನಲ್ಲಿ, ಮನೆಗಳ ಚಾವಣಿ ಆಗಿದ್ದು ಸೆಟ್ಟಿಗೆ ಬಳಸಿ ಉಳಿದ ಗುಲಾಬಿ ಪುಡಿಯಲ್ಲಿ. ಆ ಊರಿನ ಮನೆಗಳಿಗೆಲ್ಲ ವಸಡಿನ ಬಣ್ಣದ ಚಾವಣಿ. ನೋಡಿದವರು ನಕ್ಕರೆ ಇವರಿಗೆ ಇನ್ನೂ ಖುಷಿ.

ಕೈ ನಡುಕದ ವಿಷಯ ನಿನಗೆ ಹಿಂದೆಯೇ ಹೇಳಿದ್ದೆ. ಅದು ಕಡಿಮೆಯಾಗಿಲ್ಲ, ಆಗುವುದೂ ಇಲ್ಲವಂತೆ. ಮಾತ್ರೆ ಇರುವುದು ಇರುವಷ್ಟಕ್ಕೇ ತಡೆಯಲು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಕಾಫಿ ಲೋಟ, ಅಂಗಿಯ ಗುಂಡಿ, ಗಡ್ಡ ಇವನ್ನೆಲ್ಲ ಹೇಗೋ ನಿಭಾಯಿಸುತ್ತೇವೆ. ರೈಲಿನ ಡಬ್ಬಿಯನ್ನು ಹಳಿಯ ಮೇಲೆ ಕೂರಿಸುವುದಿದೆಯಲ್ಲ, ಅದು ಆಗುತ್ತಿಲ್ಲ. ಒಂದೊಂದು ಡಬ್ಬಿಗೆ ಎಂಟೆಂಟು ಚಕ್ರ, ಒಂದು ಚಕ್ರ ಕೂದಲೆಳೆಯಷ್ಟು ಆಚೆ ಕೂತರೂ ತಿರುವಿನಲ್ಲಿ ಪಲ್ಟಿ. ಒಂದನ್ನು ಎತ್ತಿ ಇಡಲು ಹೋಗಿ ಪಕ್ಕದ್ದನ್ನೂ ಬೀಳಿಸುತ್ತಾರೆ. ಆಮೇಲೆ "ಇವತ್ತಿಗೆ ಸಾಕು" ಎಂದು ಏನೂ ಆಗಿಲ್ಲದವರ ಹಾಗೆ ಹೊರಗೆ ಬರುತ್ತಾರೆ. ನಾನು ಬಾಗಿಲ ಸಂದಿಯಲ್ಲಿ ನೋಡಿರುತ್ತೇನೆ, ನೋಡಿಲ್ಲದವಳ ಹಾಗೆ ಇರುತ್ತೇನೆ. ಸಹಾಯ ಮಾಡಲಾ ಎಂದು ಮೊದಮೊದಲು ಕೇಳಿದ್ದೆ. "ನಿನ್ನ ಗಿರಾಕಿಗಳ ಪ್ಯಾಂಟು ನಾನು ಮಡಚಿ ಹೊಲೀತೀನಾ?" ಎಂದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡೆ.

ಬಾಯಿ ಮುಚ್ಚಿಕೊಂಡೆನೇ ಹೊರತು ಕೈ ಸುಮ್ಮನಿರಲಿಲ್ಲ. ಮಾತ್ರೆಗೆ ಊಟವಾದ ಮೇಲೆ ಇವರಿಗೆ ಕಣ್ಣು ಎಳೆಯುತ್ತದೆ, ಒಳ್ಳೆಯ ನಿದ್ದೆ. ಆ ಹೊತ್ತಿನಲ್ಲಿ ನಾನು ಬಗ್ಗಿ ಒಳಗೆ ಹೋಗಿ ಬಿದ್ದ ಡಬ್ಬಿಗಳನ್ನೆಲ್ಲ ಸರಿಯಾಗಿ ಕೂರಿಸಿ ಬರುತ್ತಿದ್ದೆ. ಸೂಜಿಗೆ ದಾರ ಪೋಣಿಸುವ ಬೆರಳಿಗೆ ಅದೇನು ಮಹಾ ಕಷ್ಟವಲ್ಲ. ಯಾವ ಡಬ್ಬಿಯ ಹಿಂದೆ ಯಾವುದು, ಗಾರ್ಡಿನ ಡಬ್ಬಿಯ ಮುಖ ಯಾವ ಕಡೆ ಎಂಬುದನ್ನೆಲ್ಲ ಕಲಿತುಕೊಂಡೆ. ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಬೇಕಲ್ಲ ಎಂದು ಕರೆಂಟಿನ ಗುಬುಟು ತಿರುಗಿಸಿ ಒಂದು ಸುತ್ತು ಓಡಿಸಿಯೂ ನೋಡುತ್ತಿದ್ದೆ. ಪರೀಕ್ಷೆಗೆ ಅಷ್ಟೇ. ಸಂಜೆ ಇವರು ಎದ್ದು ಕೋಣೆಗೆ ಹೋಗಿ, "ನೋಡು, ಬೆಳಿಗ್ಗೆ ಎಷ್ಟು ಸರಿಯಾಗಿ ನಿಲ್ಸಿ ಬಂದಿದ್ದೀನಿ" ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ವರ್ಷದ ಮೇಲಾಯಿತು, ಹೀಗೆಯೇ ನಡೆದುಕೊಂಡು ಬಂತು. ಅವರಿಗೆ ಗೊತ್ತಿಲ್ಲ ಎಂದೇ ನನ್ನ ಲೆಕ್ಕ.

ಈಗ ಎಡವಟ್ಟಿಗೆ ಬರುತ್ತೇನೆ, ನಗಬೇಡ. ಕಳೆದ ತಿಂಗಳು ಗೂಡ್ಸ್ ಗಾಡಿ ತಿರುವಿನಲ್ಲಿ ಕಿರ್ ಕಿರ್ ಎನ್ನಲು ಶುರುಮಾಡಿತು, ಏರಿನಲ್ಲಿ ಜಗ್ಗಿ ಜಗ್ಗಿ ಹತ್ತುತ್ತಿತ್ತು. ನೀನೇ ಹೇಳು, ಕಿರುಗುಟ್ಟುವ ಮೆಷಿನ್ನಿಗೆ ಏನು ಬೇಕು? ಬುದ್ಧಿ ಬಂದಾಗಿನಿಂದ ಹೊಲಿಗೆ ಮೆಷಿನ್ ತುಳಿದವಳು ನಾನು. ಎಣ್ಣೆಯ ಬುಡ್ಡಿ ತೆಗೆದುಕೊಂಡು ಹೋಗಿ, ಬಟ್ಟೆಯ ತುಂಡು ಅದ್ದಿ, ಆ ಸ್ಟೇಷನ್ನಿನಿಂದ ಈ ಸ್ಟೇಷನ್ನಿನವರೆಗೆ ಹಳಿಗೆಲ್ಲ ಹಚ್ಚಿದೆ. ಕೈ ಎಟುಕದ ಸುರಂಗಕ್ಕೆ ಅಳತೆಪಟ್ಟಿಯ ತುದಿಗೆ ಬಟ್ಟೆ ಸುತ್ತಿ ಹಚ್ಚಿದೆ. ಗಿರಾಕಿಯ ಬಿಳಿ ಬಟ್ಟೆಗೆ ಕಲೆಯಾಗಬಾರದು ಎಂದು ಹೇಗೆ ಒರೆಸುತ್ತೇನೋ ಹಾಗೆ ಕೊನೆಗೆ ಒರೆಸಿಯೂ ಬಿಟ್ಟೆ. ಎಣ್ಣೆ ಹಚ್ಚಿದ್ದು ಕಣ್ಣಿಗೆ ಕಾಣಿಸಲೇ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ ಅಕ್ಕಾ.

ಸಂಜೆ ಇವರು ಗಾಡಿ ಬಿಟ್ಟರು. ಇಂಜಿನ್ ಏರಿನ ಬುಡಕ್ಕೆ ಹೋಯಿತು, ನಿಂತಲ್ಲೇ ಚಕ್ರ ಗಿರಗಿರ ತಿರುಗಿತು, ಮುಂದೆ ಹೋಗಲಿಲ್ಲ. ಇವರು ಗುಬುಟು ಜಾಸ್ತಿ ಮಾಡಿದರು. ಚಕ್ರ ಇನ್ನೂ ಜೋರಾಗಿ ತಿರುಗಿತು, ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿತು. ಮಟ್ಟಸವಾದ ಜಾಗದಲ್ಲೂ ಹೆಜ್ಜೆಗೊಮ್ಮೆ ನಿಂತು ನಿಂತು ಹೊರಡುತ್ತಿತ್ತು. ಮರುದಿನ ಹಲಗೆಯ ಕೆಳಗೆ ಬೆನ್ನ ಮೇಲೆ ಮಲಗಿ ವೈರುಗಳನ್ನೆಲ್ಲ ತಡಕಾಡಿದರು. ನಾನು ಟಾರ್ಚ್ ಹಿಡಿದು ಕೂತಿದ್ದೆ. ಆ ನಡುಗುವ ಕೈಯಲ್ಲಿ ಒಂದೊಂದೇ ವೈರು ಹಿಡಿದು ನೋಡುವುದನ್ನು ನೋಡಲಾರದೆ ಗೋಡೆಯ ಕಡೆ ಮುಖ ತಿರುಗಿಸಿದೆ, ಟಾರ್ಚೂ ತಿರುಗಿತು, ಬೈಸಿಕೊಂಡೆ. ಹೊರಗೆ ಬಂದು ಕುರ್ಚಿಯಲ್ಲಿ ಕೂತು ಹೇಳಿದರು, "ಕೈ ಹೋದ್ರೆ ಹೋಗ್ಲಿ, ತಲೆ ಇದೆಯಲ್ಲ ಅಂದ್ಕೊಂಡಿದ್ದೆ ಕಣೇ. ಕಾರಣಾನೇ ಗೊತ್ತಾಗ್ತಿಲ್ಲ. ತಲೇನೂ ಹೋಯ್ತು ಅನ್ಸತ್ತೆ." ಆಗಲೂ ಎಣ್ಣೆಯ ವಿಷಯ ನನಗೆ ಹೊಳೆಯಲಿಲ್ಲ, ಅಷ್ಟು ಬುದ್ಧಿವಂತೆ ನಿನ್ನ ತಂಗಿ.

ಹೊಳೆದದ್ದು ಜಿಪ್ಪು ತರಲು ಪೇಟೆಗೆ ಹೋದಾಗ. ಜಿಪ್ಪಿನ ಅಂಗಡಿಯ ಪಕ್ಕದಲ್ಲೇ ಇವರು ರೈಲಿನ ಸಾಮಾನು ತರುವ ಅಂಗಡಿ. ಗಾಡಿ ಯಾಕೆ ಜಾರುತ್ತದೆ ಎಂದು ಸುಮ್ಮನೆ ವಿಚಾರಿಸಿದೆ. ಹಳಿಗೆ ಏನಾದರೂ ಹಚ್ಚಿದಿರಾ ಎಂದು ಅಂಗಡಿಯವನು ಕೇಳಿದ. ಹೊಲಿಗೆ ಮೆಷಿನ್ ಎಣ್ಣೆ ಎಂದೆ. ಅವನು ಕೌಂಟರಿನ ಮೇಲೆ ಕೈ ಊರಿಕೊಂಡು ನಕ್ಕ. "ಅಮ್ಮಾ, ಎಣ್ಣೆ ಹಚ್ಚಿದ್ರೆ ಚಕ್ರಕ್ಕೆ ಹಿಡಿತ ಎಲ್ಲಿಂದ ಬರತ್ತೆ? ಹಳಿಯಲ್ಲೇ ಕರೆಂಟ್ ಹರಿಯೋದು, ಅದೂ ಸರಿಯಾಗಿ ಹತ್ತಲ್ಲ. ಹಚ್ಚಿದ ಮಹಾನುಭಾವರು ಯಾರು?" ಎಂದ. ಪಕ್ಕದ ಮನೆಯವರು ಎಂದೆ. ಅಂಥವರನ್ನು ಆ ಕೋಣೆಗೆ ಸೇರಿಸಬೇಡಿ ಎಂದು ಹೇಳಿ ಒರೆಸುವ ಔಷಧಿಯ ಬಾಟಲಿ ಕೊಟ್ಟ.

ಒರೆಸಿಬಿಡು, ಮುಗಿಯಿತಲ್ಲ ಎನ್ನುತ್ತೀಯ. ಹೇಗೆ ಒರೆಸಲಿ? ಈಗ ಇವರು ಮಧ್ಯಾಹ್ನ ಮಲಗುವುದೇ ಇಲ್ಲ. ಮಾತ್ರೆಯ ನಿದ್ದೆಯೂ ಈ ಯೋಚನೆಯಲ್ಲಿ ಹಾರಿಹೋಗಿದೆ. ಊಟ ಮುಗಿಸಿದ ಕೂಡಲೇ ಆ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಾರೆ, ಸ್ವಿಚ್ ಹಾಕುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ. ಒಮ್ಮೆ ಸ್ನಾನಕ್ಕೆ ಹೋದಾಗ ಓಡಿ ಹೋಗಿ ಎದುರಿನ ಸ್ಟೇಷನ್ನಿನ ಹಳಿಯಷ್ಟನ್ನು ಒರೆಸಿದೆ. ಸುರಂಗದ ಒಳಗೆ ಹೇಗೆ ಒರೆಸುವುದು? ಹಚ್ಚಲು ಅಳತೆಪಟ್ಟಿ ಸಾಕಾಯಿತು, ತೆಗೆಯಲು ಸಾಲದು. ಚಕ್ರಗಳಿಗೂ ಮೆತ್ತಿಕೊಂಡಿದೆ, ಒಂದು ಕಡೆ ಒರೆಸಿದರೆ ಗಾಡಿ ಇನ್ನೊಂದು ಕಡೆಯಿಂದ ತಂದು ಹಚ್ಚುತ್ತದೆ. ನೀರು ನಿಂತ ಸದ್ದಾಯಿತು, ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿ ಬಂದೆ. ಈ ವಯಸ್ಸಿನಲ್ಲಿ ನನಗೆ ಬಂದ ಕಳ್ಳತನ ನೋಡು.

ಹೇಳಿಬಿಡಬಹುದಿತ್ತು. ಎಷ್ಟೋ ಸಲ ಬಾಯಿಯ ತುದಿಗೆ ಬಂದಿದೆ. ಆದರೆ ಎಣ್ಣೆ ಹಚ್ಚಿದೆ ಎಂದರೆ, ನೀನು ಆ ಕೋಣೆಗೆ ಯಾಕೆ ಹೋಗಿದ್ದೆ ಎಂದು ಕೇಳುತ್ತಾರೆ. ಡಬ್ಬಿ ಕೂರಿಸಲು ಎಂದರೆ, ಎಷ್ಟು ದಿನದಿಂದ ಎಂದು ಕೇಳುತ್ತಾರೆ. ವರ್ಷವಿಡೀ ತಾನು ಸರಿಯಾಗಿ ನಿಲ್ಲಿಸಿದೆ ಎಂದುಕೊಂಡದ್ದೆಲ್ಲ ತನ್ನ ಕೈಯದ್ದಲ್ಲ, ಹೆಂಡತಿಯ ಕೈಯದ್ದು ಎಂದು ಗೊತ್ತಾಗುತ್ತದೆ. ಹೇಳದಿದ್ದರೆ ತಲೆ ಹೋಯಿತು ಎಂದು ಕೊರಗುತ್ತಾರೆ, ಹೇಳಿದರೆ ಕೈ ಎಂದೋ ಹೋಗಿದೆ ಎಂದು ಕೊರಗುತ್ತಾರೆ. ಎರಡರಲ್ಲಿ ಯಾವ ಕೊರಗು ಕೊಡಲಿ?

ಅಷ್ಟರಲ್ಲಿ ನಿನ್ನೆ ಫೋನ್ ಮಾಡಿ ಇವರ ಹಾಗೇ ಮಾದರಿ ರೈಲಿನ ಹುಚ್ಚಿರುವ ಕ್ಲಬ್ಬಿನವರ ಹತ್ತಿರ ಮಾತಾಡಿದರು. ಬಾಗಿಲು ಹಾಕಿಕೊಂಡು ಮಾತಾಡಿದರು, ಎಂದೂ ಹಾಕದವರು. ಹೊರಗೆ ಬಂದು, ಭಾನುವಾರ ಬಂದು ಎಲ್ಲವನ್ನೂ ಬಿಚ್ಚಿಕೊಂಡು ಹೋಗುತ್ತಾರೆ, ಕ್ಲಬ್ಬಿನ ಹಾಲಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದರು. "ಇನ್ಮೇಲೆ ಆ ಕೋಣೇಲಿ ನೀನು ಬಟ್ಟೆ ಕತ್ತರಿಸೋ ದೊಡ್ಡ ಮೇಜು ಹಾಕ್ಕೋ, ಬೆಳಕು ಚೆನ್ನಾಗಿದೆ" ಎಂದರು. ಸವತಿ ಮನೆ ಬಿಟ್ಟು ಹೋಗುತ್ತಿದ್ದಾಳೆ, ನಾನು ಕುಣಿಯಬೇಕಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನೀನು ದೊಡ್ಡವಳು, ಭಾವನನ್ನೂ ಮಕ್ಕಳನ್ನೂ ಒಂದು ಮಾತಿನಲ್ಲಿ ಕೂರಿಸಿ ಏಳಿಸಿದವಳು. ಹೇಳಲೋ ಬೇಡವೋ, ಒಂದೇ ಸಾಲು ಬರೆದು ತಕ್ಷಣ ಪೋಸ್ಟ್ ಮಾಡು. ಭಾನುವಾರದ ಒಳಗೆ ನಿನ್ನ ಉತ್ತರ ಮುಟ್ಟುವುದಿಲ್ಲ ಎಂದು ಗೊತ್ತು. ಆದರೂ ಕೇಳುತ್ತಿದ್ದೇನೆ, ಕೇಳದೆ ಇರಲಾಗುತ್ತಿಲ್ಲ.

ನಿನ್ನ ಎಡವಟ್ಟು ತಂಗಿ

ಮತ್ತೆ ಸೇರಿಸಿದ್ದು, ಸೋಮವಾರ: ಅಂಚೆಪೆಟ್ಟಿಗೆಯವರೆಗೆ ಹೋಗಿ ಹಾಕದೆ ವಾಪಸ್ಸು ಬಂದಿದ್ದೆ, ಆದ್ದರಿಂದ ಕಾಗದ ಇನ್ನೂ ನನ್ನ ಹತ್ತಿರವೇ ಇದೆ. ನಿನ್ನೆ ಕ್ಲಬ್ಬಿನವರು ಬಂದರು. ಇವರು ಮುಂದಿನ ಕೋಣೆಯಲ್ಲಿ ಬೀದಿಯ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಗರಗಸದ ಸದ್ದಿಗೂ ತಿರುಗಿ ನೋಡಲಿಲ್ಲ. ಕೊನೆಯ ಹಲಗೆ ವ್ಯಾನಿಗೆ ಏರಿದ ಮೇಲೆ, ಇನ್ನು ತಡೆಯಲಾರದೆ, ಬಸ್ ಡ್ರೈವರಾಗಿರುವ ಕ್ಲಬ್ಬಿನ ಕಾರ್ಯದರ್ಶಿಯನ್ನು ಮೆಟ್ಟಿಲ ಬಳಿ ನಿಲ್ಲಿಸಿ ಹಳಿಗೆ ಎಣ್ಣೆಯಾಗಿದೆ ಎಂದೆ. ಗೊತ್ತು ಎಂದರು. ಇವರೇ ಫೋನಿನಲ್ಲಿ ಹೇಳಿದ್ದರಂತೆ, "ಬಾಟಲಿ ಗುರುತು ಸಿಗದೆ ನಾನೇ ಹೊಲಿಗೆ ಎಣ್ಣೆ ಹಚ್ಚಿಬಿಟ್ಟೆ, ತಲೆ ನೆಟ್ಟಗಿಲ್ಲ, ನಮ್ಮನೆಯವಳ ಮುಂದೆ ಈ ಮಾತು ಎತ್ತಬೇಡಿ" ಎಂದು. ಕ್ಲಬ್ಬಿನವರಿಗೆಲ್ಲ ಪಾಠ ಹೇಳುತ್ತಿದ್ದ ಮನುಷ್ಯ ನನ್ನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದಾರೆ! ನಾವೇ ಬಂದು ಒರೆಸಿ ಕೊಡುತ್ತೇವೆ, ಇಲ್ಲೇ ಇರಲಿ ಎಂದು ಕ್ಲಬ್ಬಿನವರು ಎಷ್ಟೋ ಹೇಳಿದರಂತೆ. ಇವರು ಒಪ್ಪಲಿಲ್ಲವಂತೆ. "ಒಂದು ವರ್ಷದಿಂದ ದಿನಾ ಮಧ್ಯಾಹ್ನ ಬಂದು ಡಬ್ಬಿ ಕೂರಿಸಿ ಹೋಗ್ತಾಳೆ, ನಾನು ಕಣ್ಣು ಮುಚ್ಕೊಂಡು ಮಲಗಿರ್ತೀನಿ. ನನ್ನ ಹವ್ಯಾಸ ಅವಳಿಗೆ ಡ್ಯೂಟಿ ಆಗೋಯ್ತು, ಅದರಿಂದ ಅವಳನ್ನ ಬಿಡಿಸ್ಬೇಕು" ಎಂದರಂತೆ. ಒಳಗೆ ಬಂದೆ. ಕೋಣೆ ಎಷ್ಟು ದೊಡ್ಡದಾಯಿತು ನೋಡು ಎಂದು ಇವರು ನಗುನಗುತ್ತಾ ತೋರಿಸಿದರು. ನಾನು ಅಳತೆಪಟ್ಟಿ ತಂದು ಮೇಜಿಗೆ ಜಾಗ ಅಳೆಯತೊಡಗಿದೆ. ನಿನಗೂ ಮೇಲೆ ಸುಳ್ಳೇ ಬರೆದಿದ್ದೇನೆ. ಪರೀಕ್ಷೆಗೆ ಒಂದು ಸುತ್ತು ಎಂದೆನಲ್ಲ, ಒಂದು ಸುತ್ತಲ್ಲ. ಇವರು ಕೆಮ್ಮಿ ಮಗ್ಗುಲು ಬದಲಿಸುವವರೆಗೂ ಓಡಿಸುತ್ತಿದ್ದೆ, ಸ್ಟೇಷನ್ನಿನಲ್ಲಿ ನಿಲ್ಲಿಸಿ ಬಾಯಲ್ಲೇ ಮೆಲ್ಲಗೆ ಸೀಟಿ ಊದುತ್ತಿದ್ದೆ. ಡ್ಯೂಟಿ ಅಲ್ಲ ಅಕ್ಕಾ, ನಾನು ಆಡುತ್ತಿದ್ದೆ.