ಅಪ್ಪನ ನಿಂಬೆಗಿಡಕ್ಕೆ ಹೊಸ ಮಣ್ಣು

ಅಪ್ಪಾ, ನನ್ನ ಮದುವೆಯಾಯಿತು, ಅದೂ ನೀವು ಸದಾ ಛೇಡಿಸುತ್ತಿದ್ದ ಆ ಉದ್ದಕಾಲಿನ ಹುಡುಗನ ಜೊತೆಗೇ! ಖುಷಿ ತಡೆಯಲಾಗದೆ ನಿಮಗೆ ಬರೆಯುತ್ತಿದ್ದೇನೆ.

ನೀವು ತೀರಿಕೊಂಡ ಮೇಲೆ ನಿಮ್ಮ ಕುಂಡದ ನಿಂಬೆಗಿಡ ಎಲೆ ಉದುರಿಸತೊಡಗಿತು. ಮದುವೆಯ ಮರುದಿನ ಅಮ್ಮ ಅದನ್ನು ನನ್ನ ಕೈಗಿಟ್ಟು, "ಬದುಕಿದ್ರೆ ತಗೊಂಡು ಬಾ. ಇಲ್ದಿದ್ರೆ ನನಗೇನೂ ಹೇಳ್ಬೇಡ" ಎಂದಳು.

ಇವರು ಪಾಪ, ಸರ್‌ಪ್ರೈಸ್ ಅಂತ ಒಂದು ಮೂಟೆ ಕಪ್ಪು ಮಣ್ಣು ಹೊತ್ತು ತಂದರು. ನೀರು ಚಿಮುಕಿಸಿ, ನಿಮ್ಮ ಹಾಗೆಯೇ ಒಂದು ಹಿಡಿ ಹಿಸುಕಿದೆ. ಗಟ್ಟಿ ಉಂಡೆಯಾಯಿತು.

"ಸೂಪರ್ ಮಣ್ಣು ಅಲ್ವಾ?"

"ಉಂಡೆ ಕಟ್ಟಿದ್ರೆ ಬೇರಿಗೆ ಉಸಿರುಕಟ್ಟುತ್ತೆ ಕಣ್ರೀ!"

"ಗಿಡಕ್ಕೂ ನಿನ್ನಷ್ಟೇ ನಖರಾ" ಎಂದು ಗೊಣಗುತ್ತಲೇ ಮತ್ತೆ ಅಂಗಡಿಗೆ ಓಡಿದರು.

ತೊಗಟೆಯ ಚೂರು, ದಪ್ಪ ಮರಳು ಸುರಿದು, ಗೊಬ್ಬರ ಸ್ವಲ್ಪವೇ ಬೆರೆಸಿದೆವು. ಈ ಸಲ ಮುಷ್ಟಿ ಬಿಚ್ಚಿದೊಡನೆ ಮಣ್ಣು ಪುಡಿಪುಡಿಯಾಗಿ ಉದುರಿತು. ಗಿಡವನ್ನು ಅದರಲ್ಲಿ ನೆಟ್ಟು, ಕುಂಡದ ಹಳೆಯ ಮಣ್ಣನ್ನು ಕಸಕ್ಕೆ ಸುರಿಯಲು ಹೊರಟಾಗ ಇವರನ್ನು ತಡೆದು, ಒಂದು ಹಿಡಿ ಎತ್ತಿಟ್ಟುಕೊಂಡೆ.

ಇವತ್ತು ಬೆಳಿಗ್ಗೆ ನೋಡಿದರೆ, ಬೋಳು ಕೊಂಬೆಯಲ್ಲಿ ಚಿಗುರು! ಕುಣಿದುಬಿಟ್ಟೆ ಅಪ್ಪಾ. ಆಮೇಲೆ ಅಲ್ಲೇ ಕುಂಡದ ಪಕ್ಕ ತುಂಬ ಹೊತ್ತು ಕುಳಿತಿದ್ದೆ.

"ಮಣ್ಣು ಗಟ್ಟಿಯಾಗಿದೆ ಪುಟ್ಟಿ, ಒಂದು ರಜೆಗೆ ಬಾ, ಇಬ್ಬರೂ ಸೇರಿ ಬದಲಾಯಿಸೋಣ" ಎಂದು ಪ್ರತಿ ಫೋನಿನಲ್ಲೂ ಹೇಳುತ್ತಿದ್ದಿರಿ.

ರಜೆ ಹಾಕಿದ್ದೇನೆ. ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಶನಿವಾರ ಮಧ್ಯಾಹ್ನದ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದೇನೆ.